ನಮ್ಮ ಘಾಟಿ ಹತ್ತಿದ ಸ್ಕಾಟ್‌ಲೆಂಡ್ ಪಡೆ

ರಜೆಗೆ ನಿಟ್ಟೂರಿಗೆ ಬಂದಿದ್ದೆ. ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದ ಅಕ್ಕ, ‘ಮಂಗಳೂರು ಒಪ್ಪಂದ ಯಾವ ವರ್ಷ ಹೇಳೋ’ ಅಂದಳು. ಬಿಇ ಓದುವ ನನಗೆ ಗೊತ್ತಿರಲಿಲ್ಲ. ‘1784’ ಎಂದು ಅವಳೇ ಹೇಳಿ ಮುಂದಿನ ಪ್ರಶ್ನೆಗೆ ಹೋದಳು. ನಾನು ಹುಡುಕಿ ಓದಿದೆ. ಆ ಒಪ್ಪಂದದ ಹಿಂದಿನ ಕಥೆಯಲ್ಲಿ ನಮ್ಮ ಪಕ್ಕದ ನಗರವೂ ಇತ್ತು!

1783ರ ಜನವರಿ. ಹೈದರಾಲಿ ತೀರಿಕೊಂಡು ತಿಂಗಳಾಗಿತ್ತಷ್ಟೇ. ಜನರಲ್ ಮ್ಯಾಥ್ಯೂಸ್‌ನ ಬ್ರಿಟಿಷ್ ಸೈನ್ಯ ಕುಂದಾಪುರದ ಕಡೆಯಿಂದ ಹೊಸಂಗಡಿ ಘಾಟಿ ಹತ್ತಿತು. ಮುಂದಿದ್ದದ್ದು ಸ್ಕಾಟ್‌ಲೆಂಡಿನ 42ನೇ ಹೈಲ್ಯಾಂಡರ್ಸ್ ರೆಜಿಮೆಂಟಿನ ಎರಡನೇ ಬೆಟಾಲಿಯನ್. ಇವತ್ತಿಗೂ ಬಸ್ಸು ಏದುಸಿರು ಬಿಡುವ ಏರು ಅದು. ಅಲ್ಲಿದ್ದ ಕಾವಲುಗಳನ್ನು ಅವರು ಬಯೊನೆಟ್ ಹಿಡಿದೇ ದಾಟಿದರು. ನಗರ ಕಾದಾಟವಿಲ್ಲದೆ ಕೈಸೇರಿತು. ಆಮೇಲೆ ಖಜಾನೆಗಾಗಿ ಅಧಿಕಾರಿಗಳಲ್ಲೇ ಜಗಳ. ಏಪ್ರಿಲ್‌ನಲ್ಲಿ ಟಿಪ್ಪು ಬಂದು ಮುತ್ತಿದ. ಮ್ಯಾಥ್ಯೂಸ್ ಶರಣಾಗಿ, ಸೆರೆಯಲ್ಲೇ ಸತ್ತ.

ಹೈಲ್ಯಾಂಡರ್ಸ್ ಬೆಟಾಲಿಯನ್ ಅಷ್ಟರಲ್ಲಿ ಮಂಗಳೂರು ಸೇರಿತ್ತು. ಕರ್ನಲ್ ಕ್ಯಾಂಬೆಲ್ ಕೈಕೆಳಗೆ ಅದು ಮೇ ತಿಂಗಳಿಂದ 1784ರ ಜನವರಿವರೆಗೆ ಟಿಪ್ಪುವಿನ ಮುತ್ತಿಗೆ ತಡೆದುಕೊಂಡಿತು. ಹಸಿವು, ಸ್ಕರ್ವಿ ರೋಗ ಹಣ್ಣುಮಾಡಿದವು. ಕೊನೆಗೆ ಕೋಟೆ ಬಿಟ್ಟುಕೊಟ್ಟು, ಉಳಿದವರು ತಲಶ್ಶೇರಿಗೆ ಹೊರಟರು. ಅವರಲ್ಲಿ ಬಿಳಿಯರಿಗಿಂತ ಹೆಚ್ಚಿದ್ದವರು ಬಾಂಬೆ ಸೈನ್ಯದ ಭಾರತೀಯ ಸಿಪಾಯಿಗಳು. ಕ್ಯಾಂಬೆಲ್ ಹೆಸರು ಎಲ್ಲೆಡೆ ಸಿಗುತ್ತದೆ. ಆ ಸಿಪಾಯಿಗಳಲ್ಲಿ ಒಬ್ಬನ ಹೆಸರೂ ನನಗೆ ಸಿಗಲಿಲ್ಲ. ಟಿಪ್ಪುವಿನ ಕಡೆ ಸತ್ತವರದ್ದೂ ಅಷ್ಟೆ. ಅವರಲ್ಲಿ ನಮ್ಮ ಸೀಮೆಯವರೂ ಇದ್ದಿರಬಹುದು.

ಮರುದಿನ ಅಕ್ಕನನ್ನು ಬೈಕಿನಲ್ಲಿ ನಗರದ ಕೋಟೆಗೆ ಕರೆದೊಯ್ದು ಇಷ್ಟನ್ನೂ ಹೇಳಿದೆ. ‘ಇದೆಲ್ಲ ಪರೀಕ್ಷೆಗೆ ಬರಲ್ಲ ಕಣೋ’ ಅಂದಳು. ಕೆಳಗಿಳಿಯುವಾಗ ಅವಳೇ ಕೇಳಿದಳು: ‘ಆ ಸಿಪಾಯಿಗಳು ಮನೆ ಸೇರಿದ್ರಾ?’