ಸಿಗಡಿತೊಟ್ಟಿಗೆ ಹೊಸ ಜಲಸಸ್ಯ ಹಾಕುವಾಗ ವಹಿಸತಕ್ಕ ಎಚ್ಚರಿಕೆ

ಚಿಕ್ಕನಾಯಕನಹಳ್ಳಿ ತಾಲ್ಲೂಕು ಹಂದನಕೆರೆ ಹೋಬಳಿಯು ತೆಂಗಿನ ಸೀಮೆ. ತೆಂಗಿನ ಸುಳಿಕೊಳೆ ಮೊದಲಾದ ರೋಗಗಳಿಗೆ ಮೈಲುತುತ್ತ ಮತ್ತು ಸುಣ್ಣ ಕೂಡಿದ ಬೋರ್ಡೋ ದ್ರಾವಣವನ್ನು ಬಳಸುವುದುಂಟು. ಶೇಕಡಾ 1ರ ದ್ರಾವಣದ 100 ಲೀಟರಿಗೆ 1 ಕಿಲೋಗ್ರಾಂ ಮೈಲುತುತ್ತ ಬೇಕು. ಮರಕ್ಕೆ ಹಿತವಾದ ಈ ತಾಮ್ರವೇ ಗಾಜಿನ ತೊಟ್ಟಿಯ ಸಿಗಡಿಗೆ ಅಲ್ಪಪ್ರಮಾಣದಲ್ಲಿಯೂ ವಿಷವಾಗುವುದು. ಸಿಗಡಿಯ ರಕ್ತದಲ್ಲಿ ಸ್ವಭಾವತಃ ತಾಮ್ರವಿದ್ದರೂ, ನೀರಿನಲ್ಲಿ ಅದು ಮಿತಿಮೀರಿದರೆ ಕಿವಿರುಗಳು ಕೆಡುವುವು.

ಕೀಟನಾಶಕಗಳು ಇನ್ನೂ ಅಪಾಯಕರವಾದುವು. ಕೀಟವೂ ಸಿಗಡಿಯೂ ಸಂಧಿಪದಿ ವರ್ಗಕ್ಕೇ ಸೇರಿದವು. ಒಂದನ್ನು ಕೊಲ್ಲುವ ವಿಷವು ಸಾಮಾನ್ಯವಾಗಿ ಇನ್ನೊಂದನ್ನೂ ಕೊಲ್ಲುವುದು. ತೊಟ್ಟಿಯ ಮೀನು ಬದುಕಿರುವಾಗಲೇ ಸಿಗಡಿಗಳೆಲ್ಲವೂ ಸಾಯಬಹುದು. ಆದಕಾರಣ ಮೀನು ಕ್ಷೇಮವಾಗಿದೆಯೆಂದು ನೀರನ್ನು ನಂಬಕೂಡದು.

ಮಾರಾಟದ ಸಸಿಯನ್ನಾಗಲಿ, ತೋಟದ ಬದಿಯ ಕಾಲುವೆಯಿಂದ ಕಿತ್ತ ಸಸ್ಯವನ್ನಾಗಲಿ ನೆಟ್ಟಗೆ ತೊಟ್ಟಿಗೆ ಹಾಕಬಾರದು. ಕೊಳೆತ ಎಲೆಗಳನ್ನೂ, ಬೇರಿಗೆ ಸುತ್ತಿದ ನಾರನ್ನೂ ತೆಗೆದು, ಶುದ್ಧಜಲದಲ್ಲಿ ಹಲವು ಸಾರಿ ತೊಳೆಯತಕ್ಕದ್ದು. ಬಸವನಹುಳುವಿನ ಮೊಟ್ಟೆ ಮತ್ತು ಏರೋಪ್ಲೇನ್ ಚಿಟ್ಟೆಯ ಮರಿಗಳನ್ನು ಹುಡುಕಿ ತೆಗೆಯಬೇಕು. ಆ ಮರಿಗಳು ಸಿಗಡಿಯನ್ನು ಹಿಡಿದು ತಿನ್ನುವುವು. ಬಳಿಕ ಬೆಳಕಿರುವ ಕಡೆ ಬೇರೆ ಪಾತ್ರೆಯಲ್ಲಿಟ್ಟು, ಆಗಾಗ್ಗೆ ನೀರು ಬದಲಿಸುತ್ತ, ಎರಡು ಮೂರು ವಾರ ಕಾಯತಕ್ಕದ್ದು. ಗಿಡದೊಳಗೆ ಹೀರಲ್ಪಟ್ಟ ವಿಷವು ತೊಳೆದಮಾತ್ರಕ್ಕೆ ಹೋಗದಾದ್ದರಿಂದ ಈ ಕಾಲಾವಕಾಶವು ಅವಶ್ಯಕ. ಕೊನೆಗೆ ಅದೇ ಪಾತ್ರೆಯಲ್ಲಿ ಒಂದೆರಡು ಸಿಗಡಿಗಳನ್ನು ಕೆಲವು ದಿನ ಬಿಟ್ಟು ಪರೀಕ್ಷಿಸುವುದು ಲೇಸು.

ಸಸ್ಯ ಸೇರಿಸಿದ ಮೇಲೆ ಸಿಗಡಿಗಳು ತತ್ತರಿಸಿ ಈಜಿದರೆ ಅಥವಾ ಮಗುಚಿ ಬಿದ್ದರೆ, ತತ್‌ಕ್ಷಣವೇ ಸಸ್ಯವನ್ನು ತೆಗೆದು, ಸಮಾನ ಉಷ್ಣತೆಯ ಶುದ್ಧಜಲವನ್ನು ಸ್ವಲ್ಪಸ್ವಲ್ಪವಾಗಿ ಬದಲಿಸಬೇಕು. ತೆಗೆದ ಸಸ್ಯವನ್ನು ಕೆರೆಗೆ ಎಸೆಯದೆ ಬಿಸಿಲಿನಲ್ಲಿ ಒಣಗಿಸಿಬಿಡತಕ್ಕದ್ದು. ತೊಟ್ಟಿಯ ಕಳೆ ಊರ ಕೆರೆಯ ಕಳೆಯಾಗಬಾರದು.