ಮರ ಕೆತ್ತುವ ಪುಟ್ಟ ಹಲ್ಲುಗಳು

1871ರಲ್ಲಿ ಅಮೆರಿಕದ ದಂತವೈದ್ಯ ಜೇಮ್ಸ್ ಮಾರಿಸನ್ ಅವರು ಹಲ್ಲು ಕೊರೆಯುವ ಯಂತ್ರವೊಂದಕ್ಕೆ ಪೇಟೆಂಟ್ ಪಡೆದರು. ಹೊಲಿಗೆ ಯಂತ್ರಕ್ಕಿರುವಂತೆ ಕೆಳಗೊಂದು ತುಳಿಮಣೆ, ಮೇಲೆ ಗಿರ್ರನೆ ತಿರುಗುವ ಉಕ್ಕಿನ ಪುಟ್ಟ ತುದಿ. ಆ ತುದಿಗೆ ‘ಬರ್’ ಎಂದು ಹೆಸರು. ಹುಳುಕು ಹಲ್ಲಿಗಾಗಿ ಬಳಕೆಗೆ ಬಂದ ಬರ್‌ಗಳ ವಂಶದವೇ ಇಂದು ತೇಗದ ದಾರಂದದ ಮೇಲೆ ಹೂಬಳ್ಳಿ ಎಬ್ಬಿಸುತ್ತವೆ, ದೇವರ ಮಂಟಪದ ಕಂಬಕ್ಕೆ ಸಿಂಹದ ಜೂಲು ಬಿಡಿಸುತ್ತವೆ.

ದಂತವೈದ್ಯರ ಕೈಯಿಂದ ಈ ಉಪಕರಣ ಅಕ್ಕಸಾಲಿಗರ ಕೈಗೆ ಬಂತು. ಕೊಕ್ಕೆಗೆ ತೂಗುಬಿಟ್ಟ ಮೋಟಾರು, ಅದರಿಂದ ಇಳಿಯುವ ಬಾಗುವ ಶಾಫ್ಟು, ತುದಿಯಲ್ಲಿ ಪೆನ್ನಿನಂಥ ಹಿಡಿ. ಅಮೆರಿಕದ ಫೋರ್ಡಮ್ ಕಂಪನಿ 1922ರಲ್ಲಿ ಆರಂಭವಾಗಿ ಇಂಥ ಯಂತ್ರಗಳಿಗೇ ಹೆಸರಾಯಿತು. ಆಸ್ಟ್ರಿಯಾದಿಂದ ವಲಸೆ ಹೋಗಿದ್ದ ಆಲ್ಬರ್ಟ್ ಡ್ರೆಮೆಲ್ 1932ರಲ್ಲಿ ವಿಸ್ಕಾನ್ಸಿನ್ ರಾಜ್ಯದ ರೇಸಿನ್ ಊರಿನಲ್ಲಿ ಕಂಪನಿ ಕಟ್ಟಿ, ಮೋಟಾರನ್ನೇ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿಸಿದರು. ಆ ಕಂಪನಿ 1993ರಿಂದ ಬಾಷ್ ಸಮೂಹದಲ್ಲಿದೆ.

ಮರಗೆಲಸದಲ್ಲಿ ಇದಕ್ಕೆ ಗೌರವದ ಸ್ಥಾನ ಕೊಟ್ಟವರು ಹಕ್ಕಿ ಕೆತ್ತುವವರು. ಅಮೆರಿಕದ ಪೂರ್ವ ಕರಾವಳಿಯಲ್ಲಿ ಬಾತುಕೋಳಿ ಬೇಟೆಗೆ ನೀರಿನ ಮೇಲೆ ತೇಲಿಬಿಡುವ ಮರದ ಹಕ್ಕಿಗಳನ್ನು ಮಾಡುವ ಹಳೆಯ ರೂಢಿಯಿತ್ತು. ಮೇರಿಲ್ಯಾಂಡಿನ ಕ್ರಿಸ್‌ಫೀಲ್ಡ್ ಊರಿನ ಲೆಮ್ ಮತ್ತು ಸ್ಟೀವ್ ವಾರ್ಡ್ ಎಂಬ ಸೋದರರು ಅದನ್ನು ಕಲೆಯ ಮಟ್ಟಕ್ಕೆ ಏರಿಸಿದರು. ಅವರ ಹೆಸರಿನಲ್ಲೇ ಹಕ್ಕಿ ಕೆತ್ತನೆಯ ವಿಶ್ವಸ್ಪರ್ಧೆ ನಡೆಯುತ್ತದೆ. ಅದು ಶುರುವಾದದ್ದು 1971ರಲ್ಲಿ. ಗರಿಯ ಒಂದೊಂದು ಎಳೆಯನ್ನೂ ಮರದಲ್ಲಿ ತೋರಿಸಬೇಕೆಂಬ ಆ ಹಟವೇ ಹೊಸ ಹೊಸ ಬಿಟ್‌ಗಳಿಗೆ, ಅಂದರೆ ಯಂತ್ರಕ್ಕೆ ಸಿಕ್ಕಿಸುವ ಬರ್‌ನಂಥ ತುದಿಗಳಿಗೆ, ಬೇಡಿಕೆ ತಂದಿತು. ಅಲ್ಲಿನವರು ಟುಪೆಲೋ ಎಂಬ ಜೌಗುನೆಲದ ಮರವನ್ನು ಮೆಚ್ಚುವುದಕ್ಕೂ ಇದೇ ಕಾರಣ: ವೇಗದ ಬಿಟ್ ತಾಗಿದರೂ ಅದರ ಮೈಯಿಂದ ನಾರು ಏಳುವುದು ಕಡಿಮೆ.

ಕರ್ನಾಟಕದಲ್ಲೂ ಈಗ ಈ ಯಂತ್ರ ಅಪರೂಪವಲ್ಲ. ಆದರೆ ಕೊಳ್ಳುವವರ ಗಮನವೆಲ್ಲ ಯಂತ್ರದ ಕಂಪನಿ, ವ್ಯಾಟ್, ವೇಗಗಳ ಮೇಲೆ. ಕೆತ್ತನೆ ಹೇಗೆ ಬರುತ್ತದೆ ಎಂಬುದನ್ನು ತೀರ್ಮಾನಿಸುವುದು ಮಾತ್ರ ತುದಿಯಲ್ಲಿರುವ ಬಿಟ್. ಯಂತ್ರದ ಜೊತೆ ಬರುವ ಪೆಟ್ಟಿಗೆಯಲ್ಲಿ ನೂರಕ್ಕೂ ಹೆಚ್ಚು ಬಿಡಿಭಾಗಗಳಿರುತ್ತವೆ ಎಂಬ ಜಾಹೀರಾತು ಸಾಮಾನ್ಯ. ಬಿಚ್ಚಿ ನೋಡಿದರೆ ಬಹುಪಾಲು ಲೋಹ ಕತ್ತರಿಸುವ ತೆಳು ಚಕ್ರಗಳು, ಹೊಳಪು ಕೊಡುವ ಉಣ್ಣೆಯ ಗುಂಡುಗಳು, ಗಾಜು ಗೀರುವ ತುದಿಗಳು. ಮರ ಕೆತ್ತಲು ಒದಗುವಂಥವು ಬೆರಳೆಣಿಕೆಯಷ್ಟೇ.

ಬಿಟ್ ಆರಿಸುವಾಗ ಮೊದಲು ನೋಡಬೇಕಾದ್ದು ಅದರ ಕಾಂಡದ, ಅಂದರೆ ಶ್ಯಾಂಕಿನ, ದಪ್ಪವನ್ನು. ಕೈಯಲ್ಲಿ ಹಿಡಿಯುವ ಸಾಮಾನ್ಯ ರೋಟರಿ ಯಂತ್ರಗಳಿಗೆ ಒಂದು ಇಂಚಿನ ಎಂಟನೇ ಒಂದು ಭಾಗ, ಎಂದರೆ ಸುಮಾರು 3.2 ಮಿಲಿಮೀಟರ್ ಕಾಂಡ. ದಂತವೈದ್ಯರ ನೇರ ಹಿಡಿಗೂ ಅಕ್ಕಸಾಲಿಗರ ಬಿಟ್‌ಗಳಿಗೂ 2.35 ಮಿ.ಮೀ. ಡೈ ಗ್ರೈಂಡರಿನಂಥ ದೊಡ್ಡ ಯಂತ್ರಕ್ಕೆ 6 ಮಿ.ಮೀ. ಇವುಗಳ ನಡುವೆ ಪೂರಾ 3 ಮಿ.ಮೀ. ಕಾಂಡದವೂ ಮಾರುಕಟ್ಟೆಯಲ್ಲಿವೆ, 3.2ಕ್ಕೂ 3ಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ಯಂತ್ರಕ್ಕೆ ಗೊತ್ತಾಗುತ್ತದೆ. ಬಿಟ್ ಹಿಡಿಯುವ ಸೀಳು ಕೊಳವೆಗೆ ಕಾಲೆಟ್ ಎನ್ನುತ್ತಾರೆ. ಕಾಲೆಟ್ಟಿಗೂ ಕಾಂಡಕ್ಕೂ ಅಳತೆ ಕೂಡಿಬರದಿದ್ದರೆ ಬಿಟ್ ನಡುಗುತ್ತದೆ, ಗೆರೆ ಅಗಲವಾಗುತ್ತದೆ, ಕೊನೆಗೊಮ್ಮೆ ಜಾರಿ ಹಾರುತ್ತದೆ. ಎಲ್ಲ ಅಳತೆಯ ಕಾಲೆಟ್‌ಗಳನ್ನೂ ಒಂದು ಡಬ್ಬಿಯಲ್ಲಿ ಇಟ್ಟುಕೊಂಡರೆ, ಅಕ್ಕಸಾಲಿಗರ ಸಾಮಾನಿನ ಅಂಗಡಿಯ ಸಣ್ಣ ಬಿಟ್‌ಗಳನ್ನೂ ಮರಗೆಲಸಕ್ಕೆ ತರಬಹುದು. ಸೂಕ್ಷ್ಮ ಕೆಲಸಕ್ಕೆ ಅಷ್ಟು ಒದಗುವ ಬಿಟ್‌ಗಳು ಹಾರ್ಡ್‌ವೇರ್ ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಎರಡನೆಯದು, ಬಿಟ್ ಯಾವುದರಿಂದ ಮಾಡಿದ್ದು ಎಂಬ ಪ್ರಶ್ನೆ. ಹೈಸ್ಪೀಡ್ ಸ್ಟೀಲಿನವು ಅಗ್ಗ, ಮೆದು ಮರದಲ್ಲಿ ಚೆನ್ನಾಗಿ ಕೊರೆಯುತ್ತವೆ. ಗಟ್ಟಿ ಮರಕ್ಕೆ ಹಚ್ಚಿದರೆ ಬೇಗ ಮೊಂಡಾಗುತ್ತವೆ. ಮೊಂಡಾದ ಬಿಟ್ ಮರವನ್ನು ಕೊರೆಯದೆ ಉಜ್ಜುತ್ತದೆ, ಉಜ್ಜಿದಲ್ಲಿ ಮರ ಕಪ್ಪಾಗುತ್ತದೆ. ಅದಕ್ಕಿಂತ ಬಹಳ ಗಟ್ಟಿಯಾದದ್ದು ಟಂಗ್‌ಸ್ಟನ್ ಕಾರ್ಬೈಡ್. ಜರ್ಮನಿಯ ಕ್ರುಪ್ ಕಂಪನಿ 1920ರ ದಶಕದಲ್ಲಿ ವಿಡಿಯಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ವಸ್ತು ಇದೇ. ಗೋಡೆಗೆ ತೂತು ಹೊಡೆಯಲು ‘ವಿಡಿಯಾ ಬಿಟ್ ಕೊಡಿ’ ಎಂದು ಅಂಗಡಿಯಲ್ಲಿ ಇಂದಿಗೂ ಕೇಳುವವರಿದ್ದಾರೆ.

ಕಾರ್ಬೈಡ್ ಬರ್‌ಗಳಲ್ಲೂ ಎರಡು ಜಾತಿ. ಇಡೀ ತಲೆಗೆ ಕಾಲುವೆ ಕಡಿದು ಹಲ್ಲು ಮೂಡಿಸಿದವು ಒಂದು ಬಗೆ. ಇವುಗಳಲ್ಲಿ ಅಡ್ಡ, ನೆಟ್ಟ ಎರಡೂ ದಿಕ್ಕಿಗೆ ಹಲ್ಲಿರುವ ಡಬಲ್ ಕಟ್ ಮೂಲತಃ ಕಬ್ಬಿಣದ ಕೆಲಸಕ್ಕೆ ಹೇಳಿಮಾಡಿಸಿದ್ದು. ಬೀಟೆಯಂಥ ಗಟ್ಟಿ ಮರದಲ್ಲಿ ನುಣುಪಾಗಿ ಕೊರೆಯುತ್ತದೆ. ಮೆದು ಮರದಲ್ಲಾದರೆ ಹಲ್ಲಿನ ಸಂದುಗಳಲ್ಲಿ ಪುಡಿ ಮೆತ್ತಿಕೊಂಡು ಕೆಲಸ ನಿಲ್ಲುತ್ತದೆ. ಇನ್ನೊಂದು ಬಗೆಯಲ್ಲಿ ತಲೆಯ ತುಂಬ ಕಾರ್ಬೈಡಿನ ಮೊನಚು ಮುಳ್ಳುಗಳು ಬಿಡಿಬಿಡಿಯಾಗಿ ನಿಂತಿರುತ್ತವೆ. ಮುಳ್ಳುಗಳ ನಡುವೆ ಜಾಗವಿರುವುದರಿಂದ ಪುಡಿ ಹಾರಿಹೋಗುತ್ತದೆ. ಕುಟ್‌ಝಾಲ್, ಸೇಬರ್‌ಟೂತ್ ಮುಂತಾದ ಹೆಸರುಗಳಲ್ಲಿ ಸಿಗುವ ಇವು ದುಬಾರಿ. ಆದರೂ ಮರವನ್ನೇ ಕೆತ್ತುವುದಾದರೆ ಮೊದಲ ದೊಡ್ಡ ಖರ್ಚು ಇವುಗಳ ಮೇಲೆಯೇ ಆಗಬೇಕು. ಅಗ್ಗದ ಹತ್ತು ಬಿಟ್ ಮಾಡಲಾರದ ಒರಟು ಕೆಲಸವನ್ನು ಇಂಥದ್ದೊಂದು ಮುಗಿಸಿಕೊಡುತ್ತದೆ.

ವಜ್ರದ ಪುಡಿ ಅಂಟಿಸಿದ ಬಿಟ್‌ಗಳ ಸ್ವಭಾವವೇ ಬೇರೆ. ಅವು ಕೊರೆಯುವುದಿಲ್ಲ, ಸವೆಸುತ್ತವೆ. ಕಣ್ರೆಪ್ಪೆ, ಉಗುರು, ಒಡವೆಯ ಮುತ್ತಿನ ಸಾಲು ಇಂಥ ಕಡೆಯ ಹಂತಕ್ಕೆ ಮಾತ್ರ ಅವು ಸಲ್ಲುತ್ತವೆ. ದಂತವೈದ್ಯರ ವಜ್ರದ ಬಿಟ್‌ಗಳಿಗೆ ಕಾಂಡದ ಮೇಲೊಂದು ಬಣ್ಣದ ಪಟ್ಟಿ ಇರುತ್ತದೆ: ಹಸಿರು ಒರಟು, ನೀಲಿ ಮಧ್ಯಮ, ಕೆಂಪು ನಯ, ಹಳದಿ ಅತಿ ನಯ. ಹಲವು ಕಂಪನಿಗಳ ಕೆತ್ತನೆ ಬಿಟ್‌ಗಳಲ್ಲೂ ಇದೇ ಗುರುತು ಕಾಣುತ್ತದೆ.

ಇನ್ನು ಆಕಾರ. ಇದನ್ನು ಪಟ್ಟಿ ಮಾಡಿ ಕಲಿಯುವುದಕ್ಕಿಂತ ಒಂದು ಕೆಲಸವನ್ನು ಹಿಂಬಾಲಿಸಿದರೆ ಬೇಗ ತಿಳಿಯುತ್ತದೆ. ದಾರಂದದ ಮೇಲೆ ಎಲೆ, ಮೊಗ್ಗು, ಸುರುಳಿಗಳಿರುವ ಬಳ್ಳಿಯೊಂದನ್ನು ಪೆನ್ಸಿಲಿನಲ್ಲಿ ಬರೆದಾಗಿದೆ ಎಂದುಕೊಳ್ಳೋಣ. ಗೆರೆಯ ಹೊರಗೆ ಒಂದು ಕೂದಲೆಳೆ ಜಾಗ ಬಿಟ್ಟು, ಮೊದಲ ಕಾಲುವೆ ತೆಗೆಯಲು 2 ಅಥವಾ 3 ಮಿ.ಮೀ.ನ ಗುಂಡು ತಲೆಯ ಬಿಟ್. ಗುಂಡು ತಲೆಗೆ ಮೂಲೆಯಿಲ್ಲ, ಆದ್ದರಿಂದ ಸುರುಳಿಯಲ್ಲಿ ತಿರುಗಿಸುವಾಗ ಮರವನ್ನು ಕಚ್ಚಿ ಎಳೆಯುವುದು ಕಡಿಮೆ. ಬಳ್ಳಿಯ ಸುತ್ತಲಿನ ನೆಲವನ್ನು ತಗ್ಗಿಸಲು ಅದೇ ಗುಂಡು ಬಿಟ್ ಹಚ್ಚಿದರೆ ನೆಲವೆಲ್ಲ ಗುಳಿ ಗುಳಿ. ಅಲ್ಲಿಗೆ ಬೇಕಾದ್ದು ತುದಿಯಲ್ಲೂ ಹಲ್ಲಿರುವ ಸಿಲಿಂಡರ್ ಬಿಟ್. ತುದಿಗೆ ಹಲ್ಲಿಲ್ಲದ ಸಿಲಿಂಡರೂ ಮಾರಾಟಕ್ಕಿದೆ. ನೋಡಲು ಎರಡೂ ಒಂದೇ ಥರ, ಆದರೆ ನೆಲ ತಗ್ಗಿಸುವ ಕೆಲಸಕ್ಕೆ ಹಲ್ಲಿಲ್ಲದ್ದು ಬರುವುದಿಲ್ಲ. ಕೊಳ್ಳುವಾಗ ತಲೆಕೆಳಗಾಗಿ ಹಿಡಿದು ತುದಿ ನೋಡುವುದು ಒಳ್ಳೆಯ ಅಭ್ಯಾಸ.

ನೆಲ ತಗ್ಗಿದ ಮೇಲೆ ಎಲೆಗೆ ಜೀವ ಬರಬೇಕು. ಎಲೆಯ ಹೊಟ್ಟೆಯ ಹಳ್ಳಕ್ಕೆ 6 ಮಿ.ಮೀ.ನ ಗುಂಡು ಬಿಟ್, ಮೇಲೆದ್ದ ಅಂಚನ್ನು ದುಂಡಾಗಿಸಲು ದೀಪದ ಜ್ವಾಲೆಯ ಆಕಾರದ ಬಿಟ್. ಜ್ವಾಲೆಯಾಕಾರದ್ದು ಬಹಳ ಕೆಲಸಕ್ಕೆ ಬರುವಂಥದ್ದು: ಹೊಟ್ಟೆಯ ಭಾಗದಿಂದ ಅಗಲವಾಗಿ ತೆಗೆಯಬಹುದು, ತುದಿಯಿಂದ ಇಕ್ಕಟ್ಟಿನೊಳಕ್ಕೆ ಹೋಗಬಹುದು. ಒಂದೇ ಬಿಟ್ ಆಯ್ದುಕೊಳ್ಳಿ ಎಂದರೆ ಇದನ್ನೇ ಆಯ್ದುಕೊಳ್ಳಬೇಕು. ಎಲೆ ನೆಲದಿಂದ ಬಿಡಿಸಿಕೊಂಡು ಎದ್ದಂತೆ ಕಾಣಲು ಅಂಚಿನ ಅಡಿಯಲ್ಲಿ ಒಳಗೆ ಕೊರೆಯಬೇಕು. ಅದಕ್ಕೆ ತಲೆಕೆಳಗಾದ ಶಂಕುವಿನ ಬಿಟ್. ನರಗಳ ಗೆರೆಗೆ ಮೊನೆಯ ಶಂಕು. ಕೊನೆಗೆ ಸ್ಯಾಂಡ್ ಪೇಪರಿನ ಪುಟ್ಟ ಡ್ರಮ್ಮು. ಡ್ರಮ್ಮಿನ ಅಂಚು ಹರಿತವಾಗಿರುವುದರಿಂದ ತುಸು ವಾಲಿದರೂ ಅಷ್ಟು ಹೊತ್ತಿನ ಕೆಲಸದ ಮೇಲೆ ಬರೆ ಎಳೆಯುತ್ತದೆ. ಎಲೆಯ ಕೊನೆಯ ನಯವನ್ನು ಕೈಯಿಂದಲೇ ತರುವುದು ಮೇಲು.

ಇದೇ ಬಿಟ್‌ಗಳು ಬೇರೆ ಮರದಲ್ಲಿ ಬೇರೆಯಾಗಿ ವರ್ತಿಸುತ್ತವೆ. ಮರದ ಗಟ್ಟಿತನ ಅಳೆಯಲು ಜಾಂಕಾ ಪರೀಕ್ಷೆ ಎಂಬುದಿದೆ: 11.28 ಮಿ.ಮೀ. ವ್ಯಾಸದ ಉಕ್ಕಿನ ಗುಂಡನ್ನು ಮರದೊಳಗೆ ಅರ್ಧ ಇಳಿಸಲು ಎಷ್ಟು ಬಲ ಬೇಕೆಂದು ನೋಡುತ್ತಾರೆ. ಆ ಲೆಕ್ಕದಲ್ಲಿ ಬೀಟೆ ತೇಗಕ್ಕಿಂತ ಸುಮಾರು ಎರಡು ಪಟ್ಟು ಗಟ್ಟಿ. ಆದರೆ ಬಿಟ್ ಮೊಂಡಾಗಿಸುವುದರಲ್ಲಿ ತೇಗ ಹಿಂದೆ ಬೀಳುವುದಿಲ್ಲ, ಏಕೆಂದರೆ ಅದರ ಮೈಯಲ್ಲಿ ಸಿಲಿಕಾ ಇದೆ, ಅಂದರೆ ಮರಳಿನ ಅಂಶ. ತೇಗಕ್ಕೆ ಉಕ್ಕಿನ ಬಿಟ್ ಕೊಂಡು ಹಣ ಉಳಿಸಿದೆ ಎಂದುಕೊಂಡವರು ಪದೇ ಪದೇ ಅಂಗಡಿಗೆ ಹೋಗಬೇಕಾಗುತ್ತದೆ. ಇಲ್ಲಿ ಕಾರ್ಬೈಡ್ ಬೇಕು. ಬೀಟೆಯ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಉಳಿ ಹಿಡಿದವರಿಗೆ ಅದು ಕಷ್ಟ: ಒಂದು ಕಡೆ ನಯವಾಗಿ ಹೋದ ಉಳಿ ಎರಡು ಬೆರಳು ಆಚೆಗೆ ಚಕ್ಕೆ ಕೀಳುತ್ತದೆ. ತಿರುಗುವ ಬರ್‌ಗೆ ಎಳೆಯ ದಿಕ್ಕಿನ ಹಂಗು ಅಷ್ಟಿಲ್ಲ. ರೋಟರಿ ಯಂತ್ರ ತನ್ನ ಬೆಲೆಯನ್ನು ನಿಜವಾಗಿ ತೋರಿಸುವುದು ಇಂಥ ಮರದಲ್ಲಿ.

ಹಗುರ ಮರಗಳದ್ದು ಇದಕ್ಕೆ ತದ್ವಿರುದ್ಧ. ಯಕ್ಷಗಾನದ ಕಿರೀಟ, ಭುಜಕೀರ್ತಿಗಳಿಗೆ ಬಳಸುವಂಥ ಹಗುರ ಮರಕ್ಕೆ ಒರಟು ಬಿಟ್ ತಾಗಿಸಿದರೆ ಮೈಯೆಲ್ಲ ನಾರೆದ್ದು ನಿಲ್ಲುತ್ತದೆ. ಹರಿತ ಉಳಿ ಅಲ್ಲಿ ಒಂದೇ ಎಳೆತಕ್ಕೆ ಹೊಳೆಯುವ ಮುಖ ಕೊಡುತ್ತದೆ.

ಶ್ರೀಗಂಧದ ವಿಷಯದಲ್ಲಿ ಇನ್ನೂ ಯೋಚಿಸಬೇಕು. ಸಾಗರ, ಸೊರಬ, ಉತ್ತರ ಕನ್ನಡದ ಗುಡಿಗಾರ ಮನೆತನಗಳು ತಲೆಮಾರುಗಳಿಂದ ಗಂಧದಲ್ಲಿ ಬಿಡಿಸಿರುವ ಕೆಲಸ ಸಣ್ಣ ಸಣ್ಣ ಉಳಿಗಳದ್ದು. ಗಂಧದ ಎಳೆ ಅತಿ ಒತ್ತು, ಆದ್ದರಿಂದ ಉಳಿ ಬಿಟ್ಟ ಅಂಚು ಹಾಗೇ ನಿಲ್ಲುತ್ತದೆ. ಬಿಟ್ ಬಿಟ್ಟ ಅಂಚು ತುಸು ದುಂಡಾಗುತ್ತದೆ. ಜೊತೆಗೆ ಉಳಿಯಿಂದ ಬಿದ್ದ ಚಕ್ಕೆಗೂ ಬೆಲೆಯಿದೆ, ಗುಡಿಸಿ ತೆಗೆದಿಡಬಹುದು. ಬಿಟ್ ಎಬ್ಬಿಸುವ ನವಿರು ಪುಡಿಯಾದರೋ ಗಾಳಿಗೆ ಹಾರಿಹೋಗುತ್ತದೆ. ತೂಕದ ಮೇಲೆ ಕೊಂಡ ಮರ ಹೀಗೆ ಹಾರಿಹೋಗುವುದು ಸಣ್ಣ ನಷ್ಟವಲ್ಲ. ಬೆರಳು ತೂರದ, ಉಳಿ ತಿರುಗದ ಸಂದುಗಳಿಗೆ ಮಾತ್ರ ಇಲ್ಲಿ ಬಿಟ್ ಸಾಕು.

ವೇಗದ ಲೆಕ್ಕವನ್ನು ಯಂತ್ರದ ಮೇಲಿನ ಅಂಕಿ ನೋಡಿ ಮಾಡಿದರೆ ದಾರಿ ತಪ್ಪುತ್ತದೆ. 3 ಮಿ.ಮೀ.ನ ಬಿಟ್ ನಿಮಿಷಕ್ಕೆ 30,000 ಸುತ್ತು ತಿರುಗಿದಾಗ ಅದರ ಅಂಚು ಸೆಕೆಂಡಿಗೆ ಸುಮಾರು 4.7 ಮೀಟರ್ ಓಡುತ್ತದೆ. ಅದೇ ಸುತ್ತಿನಲ್ಲಿ 12 ಮಿ.ಮೀ.ನ ಬಿಟ್‌ನ ಅಂಚು ಸುಮಾರು 19 ಮೀಟರ್. ಆ ವೇಗಕ್ಕೆ ಮರ ಸುಡುತ್ತದೆ, ಕಾಂಡ ಬಾಗುವ ಅಪಾಯವೂ ಇದೆ. ತಲೆ ದಪ್ಪವಾದಷ್ಟೂ ವೇಗ ಇಳಿಸಬೇಕು. ಪ್ಯಾಕೆಟ್ಟಿನ ಮೇಲೆ ಬರೆದ ಗರಿಷ್ಠ ಸುತ್ತನ್ನು ಮೀರಲೇಬಾರದು. ಬಿಟ್ ತಿರುಗುವ ದಿಕ್ಕಿಗೆ ಎದುರಾಗಿ ಕೈ ಸರಿಸಿದರೆ ಹಿಡಿತ ಉಳಿಯುತ್ತದೆ. ಅದೇ ದಿಕ್ಕಿಗೆ ಸರಿಸಿದರೆ ಬಿಟ್ ಮರದ ಮೇಲೆ ಹತ್ತಿ ಓಡುತ್ತದೆ, ಹಿಡಿದ ಕೈಯನ್ನೂ ಎಳೆದುಕೊಂಡು ಹೋಗುತ್ತದೆ.

ಪುಡಿಯ ಮಾತು ಹೇಳದೆ ಈ ಯಂತ್ರವನ್ನು ಯಾರ ಕೈಗೂ ಕೊಡಬಾರದು. ಉಳಿ ಚಕ್ಕೆ ಬೀಳಿಸುತ್ತದೆ, ಬರ್ ಮಾತ್ರ ಶ್ವಾಸಕೋಶದವರೆಗೆ ಇಳಿಯುವಂಥ ಪುಡಿ ಎಬ್ಬಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮರದ ಪುಡಿಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಬೀಟೆಯ ಪುಡಿಯಿಂದ ಹಲವರಿಗೆ ಚರ್ಮದ ಅಲರ್ಜಿಯೂ ಆಗುತ್ತದೆ. ಮೂಗಿಗೆ ಕಟ್ಟಿದ ಕರವಸ್ತ್ರ ಇಂಥ ನವಿರು ಪುಡಿಯನ್ನು ಸರಿಯಾಗಿ ತಡೆಯುವುದಿಲ್ಲ. ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ದರ್ಜೆಯ ಮಾಸ್ಕ್, ಕಣ್ಣಿಗೆ ಕನ್ನಡಕ, ಸಾಧ್ಯವಾದರೆ ಪಕ್ಕದಲ್ಲೇ ಪುಡಿ ಹೀರುವ ಕೊಳವೆ ಇರಬೇಕು. ದುಪಟ್ಟಾ, ಜೋಲು ತೋಳು, ಬಿಚ್ಚಿದ ಕೂದಲು ಯಂತ್ರದ ಹತ್ತಿರ ಸುಳಿಯಬಾರದು.

ಹೊಸಬರು ಐದು ಬಿಟ್‌ಗಳಿಂದ ಶುರುಮಾಡಿದರೆ ಸಾಕು: ಒರಟು ಕೆಲಸಕ್ಕೆ ಮುಳ್ಳುತಲೆಯ ಕಾರ್ಬೈಡ್ ಒಂದು, ಜ್ವಾಲೆಯಾಕಾರದ್ದೊಂದು, 3 ಮತ್ತು 6 ಮಿ.ಮೀ.ನ ಎರಡು ಗುಂಡು, ತುದಿಯಲ್ಲಿ ಹಲ್ಲಿರುವ ಸಿಲಿಂಡರ್ ಒಂದು. ವಜ್ರದವನ್ನು ಕೈ ಪಳಗಿದ ಮೇಲೆ ಕೊಂಡರಾಯಿತು. ಅಂಟು ಮೆತ್ತಿದ ಕಾರ್ಬೈಡನ್ನು ಹಿತ್ತಾಳೆ ಬ್ರಷ್ಷಿನಿಂದ ಉಜ್ಜಿ ಶುಚಿಮಾಡಬಹುದು. ಕೊಳ್ಳುವ ಮುನ್ನ, ಅಂಗಡಿಯವರು ಒಪ್ಪಿದರೆ, ಬಿಟ್ ಅನ್ನು ಯಂತ್ರಕ್ಕೆ ಸಿಕ್ಕಿಸಿ ಅತಿ ಕಡಿಮೆ ವೇಗದಲ್ಲಿ ತಿರುಗಿಸಿ ನೋಡಬೇಕು. ತುದಿ ಒಂದೇ ಬಿಂದುವಿನಲ್ಲಿ ನಿಂತಂತೆ ಕಂಡರೆ ಸರಿ. ಗಾಳಿಯಲ್ಲಿ ಸಣ್ಣ ವೃತ್ತ ಬರೆಯುತ್ತಿದ್ದರೆ ಕಾಂಡ ಸೊಟ್ಟಗಿದೆ, ಬೇರೆಯದನ್ನು ಕೇಳಬೇಕು.