ಜೀರುಂಡೆಯ ರೆಕ್ಕೆ, ಮಂಡಿಯ ಲೋಹ

ಮಂಡಿಗೆ ಕೃತಕ ಕೀಲು ಹಾಕಿದಾಗ ಮೂಳೆವೈದ್ಯರು ತುಂಬಾ ಅಂಜುವುದು ಸೋಂಕಿಗೆ. ಬ್ಯಾಕ್ಟೀರಿಯಾ ಒಮ್ಮೆ ಲೋಹಕ್ಕೆ ಅಂಟಿಕೊಂಡು ಲೋಳೆಯ ಹೊದಿಕೆ ಕಟ್ಟಿಕೊಂಡರೆ ಆಂಟಿಬಯಾಟಿಕ್ ಅಷ್ಟಾಗಿ ನಾಟುವುದಿಲ್ಲ. ಎಷ್ಟೋ ಸಲ ಹಾಕಿದ ಕೀಲನ್ನೇ ತೆಗೆಯಬೇಕಾಗುತ್ತದೆ. ಲೋಹಕ್ಕೆ ಬೆಳ್ಳಿಯ ನ್ಯಾನೋಕಣ ಲೇಪಿಸಬಹುದು, ನಿಜ. ಆದರೆ ಬೆಳ್ಳಿಗೆ ಯಾರು ನಮ್ಮವರು, ಯಾರು ಹೊರಗಿನವರು ಎಂದು ಗೊತ್ತಿಲ್ಲ. ಪ್ರಮಾಣ ಮೀರಿದರೆ ಮೂಳೆ ಕಟ್ಟುವ ಜೀವಕೋಶಗಳೂ ಸಾಯುತ್ತವೆ. ಕೊಲ್ಲುವುದು ಸುಲಭ, ನಮ್ಮವರನ್ನು ಉಳಿಸಿ ಕೊಲ್ಲುವುದೇ ಕಷ್ಟ.

2012ರಲ್ಲಿ ಆಸ್ಟ್ರೇಲಿಯಾದ ಎಲೆನಾ ಇವನೋವಾ ಮತ್ತು ಸಂಗಡಿಗರು ಜೀರುಂಡೆಯ ರೆಕ್ಕೆಯ ಮೇಲೆ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ಬಿಟ್ಟು ನೋಡಿದರು. ಕೆಲವೇ ನಿಮಿಷಗಳಲ್ಲಿ ಅವು ಸತ್ತವು. ರೆಕ್ಕೆಯ ತುಂಬ ಸುಮಾರು 200 ನ್ಯಾನೋಮೀಟರ್ ಎತ್ತರದ ಮೊಂಡು ಗೂಟಗಳ ಸಾಲು. ಕೊಂದದ್ದು ರೆಕ್ಕೆಯ ಯಾವುದೋ ರಾಸಾಯನಿಕವೇ? ಅದಕ್ಕೆಂದೇ ಗೂಟಗಳ ಮೇಲೆ ತೆಳುವಾಗಿ ಚಿನ್ನ ಹೊದಿಸಿದರು. ಆಗಲೂ ಸತ್ತವು! ಅಂದರೆ ಕೊಲ್ಲುತ್ತಿದ್ದದ್ದು ಆಕಾರ. ಗೂಟ ಚುಚ್ಚುವುದಿಲ್ಲ, ಮುಳ್ಳುಬೇಲಿಯ ಮೇಲೆ ಹರವಿದ ಒದ್ದೆ ಬಟ್ಟೆಯಂತೆ ಬ್ಯಾಕ್ಟೀರಿಯಾದ ಪೊರೆ ಗೂಟಗಳ ನಡುವೆ ಜೋತು, ಜಗ್ಗಿ, ಹರಿಯುತ್ತದೆ ಎನ್ನುವುದು ಅವರ ವಿವರಣೆ. ಎಲ್ಲರೂ ಇದನ್ನು ಒಪ್ಪಿಲ್ಲ.

ಇದನ್ನೇ ಲೋಹದಲ್ಲಿ ಮೂಡಿಸಿದರೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಾಫರ್ ಹಸನ್, ಕೌಶಿಕ್ ಚಟರ್ಜಿ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಕೆಲಸ ಅದೇ. ಕ್ಲೋರಿನ್ ಬಳಸಿ ಟೈಟಾನಿಯಂನ ಮೈಯನ್ನು ಕೊರೆದು, ಸುಮಾರು 1 ಮೈಕ್ರೋಮೀಟರ್ ಎತ್ತರದ ಅಡ್ಡಾದಿಡ್ಡಿ ಮುಳ್ಳುಗಳನ್ನು ಎಬ್ಬಿಸಿದರು. ಫಳಫಳ ಹೊಳೆಯುವ ಲೋಹ ಕಪ್ಪಗಾಯಿತು. ಅಂಟಿಕೊಂಡ ಇ. ಕೋಲೈಗಳಲ್ಲಿ ನಾಲ್ಕು ಗಂಟೆಯೊಳಗೆ ಸುಮಾರು ಶೇ 95 ಸತ್ತವು. ಅದೇ ಮುಳ್ಳಿನ ಹಾಸಿನ ಮೇಲೆ ಮನುಷ್ಯನ ಆಕರ ಕೋಶಗಳು ಅಂಟಿ, ಬೆಳೆದು, ಮೂಳೆಯ ಕೋಶಗಳಾಗುವ ದಾರಿ ಹಿಡಿದವು. ನಮ್ಮ ಕೋಶ ಬ್ಯಾಕ್ಟೀರಿಯಾಕ್ಕಿಂತ ಹತ್ತಾರು ಪಟ್ಟು ಅಗಲ. ಗಡುಸು ಗೋಡೆಯಿಲ್ಲದ ಅದರ ಮೈ ಬಾಗಿ ಬಳುಕಿ ಹೊಂದಿಕೊಳ್ಳುತ್ತದೆ.

ಹಾಗೆಂದು ಕುಣಿದಾಡುವಂತಿಲ್ಲ. ಕೃತಕ ಕೀಲುಗಳ ಮುಖ್ಯ ಶತ್ರುಗಳಲ್ಲೊಂದಾದ ಸ್ಟ್ಯಾಫಿಲೊಕಾಕಸ್ ಔರಿಯಸ್‌ನ ಗೋಡೆ ದಪ್ಪ. ನಾಲ್ಕು ಗಂಟೆಯಲ್ಲಿ ಸತ್ತದ್ದು ಸುಮಾರು ಶೇ 22 ಮಾತ್ರ. 24 ಗಂಟೆ ಬಿಟ್ಟಾಗ ಶೇ 76. ಮೇಲಾಗಿ ಮುಳ್ಳು ಮುಟ್ಟಿದ್ದನ್ನು ಮಾತ್ರ ಕೊಲ್ಲುತ್ತದೆ, ಸತ್ತವುಗಳ ಕಸ ಅಲ್ಲೇ ಉಳಿದರೆ ಹೊಸಬರಿಗೆ ಅದೇ ಹಾಸಿಗೆ. ಇದೆಲ್ಲ ಗಾಜಿನ ತಟ್ಟೆಯಲ್ಲಿ ಕಂಡ ಫಲಿತಾಂಶ. ಆಪರೇಷನ್ ಥಿಯೇಟರಿನಲ್ಲಿ ಕೀಲನ್ನು ಸುತ್ತಿಗೆಯಿಂದ ಬಡಿದು ಮೂಳೆಗೆ ಕೂರಿಸುತ್ತಾರೆ. ಕೂದಲೆಳೆಗಿಂತಲೂ ಎಷ್ಟೋ ಸಣ್ಣ ಆ ಮುಳ್ಳುಗಳು ಅಷ್ಟು ಪೆಟ್ಟು ತಾಳಬೇಕು.